ಕ್ಷಯರೋಗದ ಗಣನೆಯಲ್ಲಿ ಬೆಂಗಳೂರು ಜಿಲ್ಲೆಯ ಹಳ್ಳಿಗಳು

ಬೆಂಗಳೂರಿನಿಂದ ಹೆಬ್ಬಾಳ, ಯಲಹಂಕಗಳ ಮೂಲಕ ಉತ್ತರಕ್ಕೆ ಸಾಗುವ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿದೆ. ಭಾರತ ಸರಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ 1959ರಲ್ಲಿ ಸ್ಥಾಪಿಸಿದ ಇದನ್ನು 1960ನೆಯ ಸೆಪ್ಟೆಂಬರ್ 16ರಂದು ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. ಲೋಕದ ಆರೋಗ್ಯಗಣನೆಯ ಚರಿತ್ರೆಯಲ್ಲಿ ಈ ಸಂಸ್ಥೆಯ ಒಂದು ಶೋಧನೆಗೆ ಸಲ್ಲತಕ್ಕ ಸ್ಥಾನವನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಒಂದು ದೇಶದಲ್ಲಿ ಕ್ಷಯರೋಗಿಗಳೆಷ್ಟು ಮಂದಿ ಎಂಬ ಪ್ರಶ್ನೆಗೆ ಆಸ್ಪತ್ರೆಯ ದಾಖಲೆಯು ಪೂರ್ಣವಾದ ಉತ್ತರವನ್ನು ಕೊಡಲಾರದು. ಅದು ಬಂದವರನ್ನು ಮಾತ್ರ ಬಲ್ಲದು. ಉಳಿದು ಬಂದ ಓಲೆಗರಿಗಳನ್ನೇ ಎಣಿಸಿ, ಆ ಕಾಲದಲ್ಲಿ ಇಷ್ಟೇ ಕವಿಗಳಿದ್ದರೆಂದು ಹೇಳುವುದು ಹೇಗೆ ಸಾಹಸವೋ ಇದೂ ಹಾಗೆಯೇ. ಬಾರದವರು ಬಂದವರಂತೆಯೇ ಇದ್ದಾರೆಂದು ಊಹಿಸುವುದೂ ಯುಕ್ತವಲ್ಲ; ಬಡತನವೂ ದೂರವೂ ಅವರನ್ನು ತಡೆದಿರಬಹುದು. ಇಷ್ಟೇ ಅಲ್ಲ: ತುಮಕೂರು ಜಿಲ್ಲೆಯಲ್ಲಿ ವಿಚಾರಣೆ ನಡಸಿ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ವಿದ್ವಾಂಸರು 1963ರಲ್ಲಿ ತಿಳಿಸಿದಂತೆ, ಕಫದಲ್ಲಿ ಕ್ರಿಮಿಯಿದ್ದವರಲ್ಲಿ ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸಾಲಯದ ಬಾಗಿಲಿಗೆ ಹೋಗಿ ಬಂದವರೇ ಆಗಿದ್ದರು. ಆದುದರಿಂದ ದೋಷವೆಲ್ಲವೂ ರೋಗಿಯದೆನ್ನುವಂತಿಲ್ಲ.

1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ನಡಸಿದ ಪರಿಶೀಲನೆಯಿಂದ, ಕ್ಷಯವು ನಗರಕ್ಕೇ ಮೀಸಲಾದ ವ್ಯಾಧಿಯಲ್ಲ, ಹಳ್ಳಿಗಳಲ್ಲಿಯೂ ಅಷ್ಟೇ ಹರಡಿದೆ ಎಂಬುದು ಸ್ಥಿರಪಟ್ಟಿತು. ಆದರೆ ಒಂದು ಸಲದ ಎಣಿಕೆಯಿಂದ ರೋಗದ ಗತಿ ತಿಳಿಯದು. ಅದಕ್ಕಾಗಿ ಬೆಂಗಳೂರಿನ ಸಂಸ್ಥೆಯವರು ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ 119 ಹಳ್ಳಿಗಳನ್ನು ಆರಿಸಿ, 1961ರಿಂದ 1968ರೊಳಗೆ ನಾಲ್ಕು ಬಾರಿ ಪರೀಕ್ಷಿಸಿದರು. ಚರ್ಮಪರೀಕ್ಷೆ, 5 ವರ್ಷ ತುಂಬಿದವರಿಗೆ ಎಕ್ಸ್‌ರೇ, ಅದರಲ್ಲಿ ಸಂದೇಹ ತೋರಿದವರಿಗೆ ಕಫಪರೀಕ್ಷೆ, ಇದೇ ಕ್ರಮ.

ಇದರ ತತ್ತ್ವವನ್ನು ಯಲಹಂಕದ ಕೆರೆಯ ದೃಷ್ಟಾಂತದಿಂದ ತಿಳಿಯಬಹುದು. ಕೆರೆಯಲ್ಲಿ ನಿಂತ ನೀರು ಬೇರೆ. ಕಾಲುವೆಯಿಂದ ವರ್ಷವರ್ಷವೂ ಬರುವ ನೀರು ಬೇರೆ. ನಿಂತಿರುವುದೆಷ್ಟು, ಒಳಗೆ ಬಂದದ್ದು ಸರಾಸರಿ ಎಷ್ಟು ಕಾಲ ಉಳಿಯುತ್ತದೆ ಎಂಬೆರಡನ್ನು ಬಲ್ಲವನು, ಒಳಹರಿವನ್ನು ಅಳೆಯದೆಯೇ ಗಣಿಸಬಲ್ಲನು. ಈ ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು 4 ಮಂದಿ ಕ್ರಿಮಿಯುಳ್ಳ ರೋಗಿಗಳಿದ್ದರು; ಹೊಸದಾಗಿ ರೋಗಕ್ಕೆ ತುತ್ತಾಗುವವರು ವರ್ಷಕ್ಕೆ ಸಾವಿರಕ್ಕೆ ಸುಮಾರು ಒಬ್ಬರು.

ಹೊರಹರಿವಿನ ಲೆಕ್ಕವು ಹೆಚ್ಚು ದಾರುಣವಾದುದು. ಮೊದಲ ಪರೀಕ್ಷೆಯಲ್ಲಿ ಕಂಡ 126 ರೋಗಿಗಳಲ್ಲಿ ಐದು ವರ್ಷಗಳಾಗುವಷ್ಟರಲ್ಲಿ ನೂರಕ್ಕೆ 49.2 ಮಂದಿ ಸತ್ತಿದ್ದರು; 32.5 ಮಂದಿ ಗುಣವಾಗಿದ್ದರು, 18.3 ಮಂದಿ ಕ್ರಿಮಿಯನ್ನು ಹೊತ್ತೇ ಬದುಕಿದ್ದರು. ಸುವ್ಯವಸ್ಥಿತವಾದ ಕ್ಷಯನಿವಾರಣ ಕಾರ್ಯವು ಅಲ್ಲಿಗೆ ಇನ್ನೂ ಮುಟ್ಟದಿದ್ದ ಕಾಲದ ಸ್ಥಿತಿಯಿದು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಈ ಅಂಕಿಗಳು, ಚಿಕಿತ್ಸೆಯಿಲ್ಲದ ಕ್ಷಯದ ಗತಿಯನ್ನು ವಿವರಿಸುವವರಿಗೆ ಇಂದಿಗೂ ಆಧಾರವಾಗಿವೆ. ಶೇಕಡ 49.2 ಎಂದರೆ 62 ಜನ ಎಂಬುದನ್ನು ಅವುಗಳನ್ನು ಬಳಸುವವರು ಮರೆಯಲಾಗದು.

ಗಣನೆಯ ಕಷ್ಟ ಇನ್ನೂ ತೀರಿಲ್ಲ. 2012ರಲ್ಲಿ ರೋಗಿಗಳ ವರದಿಯು ಕಡ್ಡಾಯವಾಯಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ವಾರ್ಷಿಕ ಹೊಸ ರೋಗಿಗಳ ಅಂದಾಜನ್ನು 22 ಲಕ್ಷದಿಂದ 28 ಲಕ್ಷಕ್ಕೆ ಏರಿಸಿತು. ಖಾಸಗಿಯಾಗಿ ಮಾರಾಟವಾದ ಔಷಧದ ಪ್ರಮಾಣವೂ ಅದಕ್ಕೆ ಒಂದು ಸಾಕ್ಷ್ಯವಾಯಿತು. 2019ರಿಂದ 2021ರವರೆಗಿನ ರಾಷ್ಟ್ರೀಯ ಪರಿಶೀಲನೆಯಲ್ಲಿ, ವರ್ಷಕ್ಕೆ ದಾಖಲಾಗುವ ಒಬ್ಬ ರೋಗಿಗೆ ಪ್ರತಿಯಾಗಿ ಸಮಾಜದಲ್ಲಿ 2.84 ರೋಗಿಗಳಿರುವಂತೆ ಕಂಡುಬಂತು. ಇಲ್ಲಿಯೂ ಒಂದು ಎಚ್ಚರಿಕೆ ಅವಶ್ಯ: ಮೊದಲನೆಯದು ಹರಿವು, ಎರಡನೆಯದು ನಿಂತ ನೀರು, ಇವೆರಡರ ಅಂತರವೆಲ್ಲವೂ ದಾಖಲೆ ತಪ್ಪಿದವರೆಂದು ಭಾವಿಸಲಾಗದು.

ಅಂದಾಜೆಂದರೆ ಬರಿಯ ಊಹೆಯೆಂದು ತಿರಸ್ಕರಿಸುವುದೂ ಸಲ್ಲದು, ಅದನ್ನೇ ಸಿದ್ಧಾಂತವೆಂದು ನಂಬುವುದೂ ಸಲ್ಲದು. ಎಲ್ಲಿಯೋ ಒಂದು ಕಡೆ, ಯಾರೋ ಮನೆಮನೆಗೆ ನಡೆದು, ಬಾರದವರನ್ನು ಕಂಡು ಬಂದಿದ್ದರೆ ಮಾತ್ರ ಅದಕ್ಕೆ ಬೆಲೆ. ಆ ಕೆಲಸವು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತೆಂಬುದು ನಾವು ನೆನೆಯತಕ್ಕ ವಿಷಯವೇ ಸರಿ.