ಅಕೌಂಟೆಂಟ್ ಜನರಲ್ ಕಲಿಸಿದ ಧ್ಯಾನ

1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾಯಿತು. ಅದೇ ದಿನ ಊ ಬಾ ಖಿನ್ ಎಂಬುವರು ಆ ದೇಶದ ಅಕೌಂಟೆಂಟ್ ಜನರಲ್ ಆದರು. ಎರಡು ವರ್ಷ ಕಳೆಯುವಷ್ಟರಲ್ಲಿ ರಂಗೂನಿನ ಅವರ ಕಚೇರಿಯಲ್ಲಿ ನೌಕರರದೇ ಒಂದು ವಿಪಶ್ಯನ ಧ್ಯಾನದ ಸಂಘ ಹುಟ್ಟಿಕೊಂಡಿತು. ನಾನು ಬೆಂಗಳೂರಿನ ಏಜೀಸ್ ಆಫೀಸಿನಲ್ಲಿ ತಲೆ ನರೆಸಿಕೊಂಡವನು. ನಮ್ಮಲ್ಲಿ ಕ್ರಿಕೆಟ್ ಆಡುವವರಿದ್ದರು, ನಾಟಕ ಕಟ್ಟುವವರಿದ್ದರು, ಕೇರಂ ಬೋರ್ಡಿನ ಮುಂದೆ ಊಟದ ಹೊತ್ತು ಮರೆಯುವವರಿದ್ದರು. ದೊಡ್ಡ ಸಾಹೇಬರೇ ನೆಲದ ಮೇಲೆ ಕೂತು ಗುಮಾಸ್ತರಿಗೆ ಉಸಿರು ಗಮನಿಸುವುದನ್ನು ಕಲಿಸಿದ್ದನ್ನು ಕಂಡಿರಲಿಲ್ಲ. ಹಾಗಾಗಿ, ನಿವೃತ್ತನಾದ ಮೇಲೆ ತುಮಕೂರು ರಸ್ತೆಯ ಕಡೆ ಆಲೂರಿನ ಧಮ್ಮ ಪಫುಲ್ಲ ಕೇಂದ್ರದಲ್ಲಿ ಅದೇ ಧ್ಯಾನದ ಹತ್ತು ದಿನದ ಶಿಬಿರ ಮುಗಿಸಿ ಬಂದಾಗ ನನ್ನನ್ನು ಕಾಡಿದ್ದು ನಿರ್ವಾಣದ ಪ್ರಶ್ನೆಯಲ್ಲ. ಈ ಲೆಕ್ಕದ ಮನುಷ್ಯನಿಗೆ ಇದು ಯಾರಿಂದ ಬಂತು, ಅವರಿಗೆ ಯಾರಿಂದ ಬಂತು? ವೋಚರ್ ಹಿಡಿದು ಹಿಂದೆ ಹಿಂದೆ ಹೋಗುವುದು ನಮ್ಮ ಜಾತಿಯ ಹಳೇ ಚಾಳಿ.

ಶಿಬಿರದಲ್ಲಿ ಸಿಗುವ ಉತ್ತರ ಚಿಕ್ಕದು. ಬುದ್ಧ ಕಲಿಸಿದ, ಭಾರತ ಮರೆಯಿತು, ಬರ್ಮಾ ಉಳಿಸಿಕೊಂಡಿತು. ಇರಬಹುದು. ಆದರೆ ಹೆಸರು, ಊರು, ಇಸವಿ ಸಮೇತ ನನ್ನ ಕೈಗೆ ಸಿಕ್ಕ ಸರಪಳಿ ಲೇಡಿ ಸಯಾಡೊ ಎಂಬ ಭಿಕ್ಷುವಿನ ಹತ್ತಿರ ಬಂದು ನಿಂತುಬಿಡುತ್ತದೆ. ಅವರು ಹುಟ್ಟಿದ್ದು 1846ರಲ್ಲಿ.

ಬೋಧನೆ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಸಾರನಾಥದಲ್ಲಿ ಐವರ ಮುಂದೆ ಬುದ್ಧ ಹೇಳಿದ ನಾಲ್ಕು ಸತ್ಯಗಳಲ್ಲಿ ಮೊದಲನೆಯದೇ ದುಃಖದ್ದು. ಹುಟ್ಟು, ಮುಪ್ಪು, ಸಾವು. ಬೇಡದವರ ಜೊತೆ ಬಾಳುವುದು, ಬೇಕಾದವರನ್ನು ಅಗಲುವುದು, ಬಯಸಿದ್ದು ದಕ್ಕದಿರುವುದು. ಇದಕ್ಕೆ ಕಾರಣ ತೃಷ್ಣೆ. ತೃಷ್ಣೆ ನಿಂತರೆ ದುಃಖ ನಿಲ್ಲುತ್ತದೆ, ನಿಲ್ಲಿಸಲು ಎಂಟು ಅಂಗಗಳ ಮಾರ್ಗವಿದೆ. ಧ್ಯಾನ ಕೆಲಸ ಮಾಡುವ ಜಾಗವನ್ನೂ ಬುದ್ಧನ ಉಪದೇಶಗಳಾದ ಸುತ್ತಗಳು ಗುರುತಿಸಿವೆ. ಕಣ್ಣು, ಕಿವಿ, ಮೈ ಯಾವುದನ್ನೋ ಮುಟ್ಟುತ್ತದೆ. ಮುಟ್ಟಿದ್ದರಿಂದ ಹಿತವೋ ಅಹಿತವೋ ಆದ ಸಂವೇದನೆ ಏಳುತ್ತದೆ. ಹಿತವಾದದ್ದು ಇನ್ನಷ್ಟು ಬೇಕು, ಅಹಿತವಾದದ್ದು ತೊಲಗಬೇಕು ಎಂದು ಮನಸ್ಸು ಹೊರಡುತ್ತದೆ. ಸಂವೇದನೆ ಎದ್ದ ಮೇಲೆ, ಮನಸ್ಸು ಹೊರಡುವ ಮೊದಲು, ಒಂದು ಸಣ್ಣ ಸಂದು. ಎದ್ದದ್ದು ಅಳಿಯುವುದನ್ನು ಆ ಸಂದಿನಲ್ಲಿ ಸುಮ್ಮನೆ ನೋಡಬೇಕು. ಆಲೂರಿನಲ್ಲಿ ಮೊಣಕಾಲು ಸಿಡಿಯುವಾಗ ಮಾಡಿಸುವುದು ಇದನ್ನೇ. ಹೇಳುವುದು ಸುಲಭ.

ಆದರೆ ಹತ್ತೊಂಬತ್ತನೇ ಶತಮಾನದ ಬರ್ಮಾದಲ್ಲಿ ಗೃಹಸ್ಥರು ಹೀಗೆ ಕೂರುತ್ತಿರಲಿಲ್ಲ. ಅವರು ಭಿಕ್ಷುಗಳಿಗೆ ಅನ್ನ ಹಾಕುತ್ತಿದ್ದರು, ಉಪೋಸಥವೆಂಬ ವ್ರತದ ದಿನ ಶೀಲ ಪಾಲಿಸುತ್ತಿದ್ದರು, ಕೈಲಾದವರು ಪಗೋಡ ಕಟ್ಟಿಸುತ್ತಿದ್ದರು. ಬಿಡುಗಡೆ ಮುಂದೆಂದೋ ಮೈತ್ರೇಯ ಬುದ್ಧ ಬರುವ ಕಾಲಕ್ಕೆ ಇಟ್ಟುಕೊಂಡ ಆಸೆ. ವಿಹಾರಗಳಲ್ಲಿಯೂ ಮರ್ಯಾದೆ ಇದ್ದದ್ದು ಪಾಂಡಿತ್ಯಕ್ಕೆ. ಕಾಡಿಗೆ ಹೋಗಿ ಧ್ಯಾನಕ್ಕೆ ಕೂತವರು ಕೆಲವರೇ. ದೊರೆ ಮಿಂಡೋನ್ ತ್ರಿಪಿಟಕವನ್ನು 729 ಅಮೃತಶಿಲೆಯ ಚಪ್ಪಡಿಗಳ ಮೇಲೆ ಕೆತ್ತಿಸಿ ಮಾಂಡಲೆಯಲ್ಲಿ ನಿಲ್ಲಿಸಿದ, 1871ರಲ್ಲಿ ಐದನೇ ಸಂಗೀತಿ, ಅಂದರೆ ಭಿಕ್ಷುಗಳ ಮಹಾಸಭೆ, ನಡೆಸಿದ. ಧರ್ಮ ಕಾಯುವುದು ದೊರೆಯ ಹೊಣೆ ಎಂದೇ ಎಲ್ಲರ ಎಣಿಕೆ.

1885ರ ನವೆಂಬರಿನಲ್ಲಿ ಆ ಹೊಣೆ ಹೊರುವವನೇ ಇಲ್ಲವಾದ. ಇಂಗ್ಲಿಷರು ಮಾಂಡಲೆಗೆ ನುಗ್ಗಿ ಮಿಂಡೋನನ ಮಗ ಥೀಬಾನನ್ನು ಸೆರೆ ಹಿಡಿದರು. ಮೊದಲು ಮದರಾಸಿಗೆ, ಆಮೇಲೆ ಕೊಂಕಣದ ರತ್ನಾಗಿರಿಗೆ ಸಾಗಿಸಿದರು. 1916ರಲ್ಲಿ ಅಲ್ಲೇ ಸತ್ತ. ಹೊಸ ಸರ್ಕಾರಕ್ಕೆ ಸಂಘವನ್ನು ಸಾಕುವ ಮನಸ್ಸಿರಲಿಲ್ಲ. ಬುದ್ಧನ ಬೋಧನೆ ಐದು ಸಾವಿರ ವರ್ಷದಲ್ಲಿ ಕ್ಷೀಣಿಸಿ ಮರೆಯಾಗುತ್ತದೆ, ಮೊದಲು ಹೋಗುವುದು ತ್ರಿಪಿಟಕದ ತತ್ತ್ವವಿಚಾರದ ಭಾಗವಾದ ಅಭಿಧಮ್ಮದ ತಿಳಿವಳಿಕೆ ಎಂಬ ನಂಬಿಕೆ ಅಲ್ಲಿ ಮೊದಲಿಂದಲೂ ಇತ್ತು. ಈಗ ಅದು ಕಣ್ಣೆದುರೇ ನಡೆಯುತ್ತಿದೆ ಎಂದು ಜನ ಹೆದರಿದರು.

ಲೇಡಿ ಸಯಾಡೊ ಮಾಂಡಲೆಯಲ್ಲಿ ಓದಿದವರು. ಆಮೇಲೆ ಮೋನ್‌ಯ್ವಾ ಊರಿನ ಹೊರಗಿನ ಲೇಡಿ ಕಾಡಿನಲ್ಲಿ ವಿಹಾರ ಕಟ್ಟಿಕೊಂಡರು, ಹೆಸರು ಬಂದದ್ದು ಅಲ್ಲಿಂದ. ರಾಜ್ಯ ಬಿದ್ದ ಆ ಹೊತ್ತಿನಲ್ಲಿ ಅವರು ಬರೆದದ್ದು ಧ್ಯಾನದ ಗ್ರಂಥವಲ್ಲ, ಗೋಮಾಂಸ ತಿನ್ನಬೇಡಿ ಎಂದು ಬೌದ್ಧರಿಗೆ ಒಂದು ಬಹಿರಂಗ ಪತ್ರ. ಉತ್ತು ಅನ್ನ ಕೊಡುವ ಪ್ರಾಣಿ ಎಂಬುದು ಅದರ ವಾದ. ದೊರೆ ಇಲ್ಲದ ಕಾಲದಲ್ಲಿ ಭಿಕ್ಷು ನೇರವಾಗಿ ಜನರ ಜೊತೆ ಮಾತಾಡಲು ಶುರುಮಾಡಿದ್ದು ಹೀಗೆ. ಅಗ್ಗದ ಮುದ್ರಣ ಅವರಿಗೆ ಒದಗಿಬಂತು. ಅಭಿಧಮ್ಮದ ಮೇಲೆ ಶತಮಾನಗಳಿಂದ ಪ್ರಮಾಣವಾಗಿದ್ದ ಹಳೆಯ ಟೀಕೆಯೊಂದರಲ್ಲಿ ಅವರು ಇನ್ನೂರಕ್ಕೂ ಹೆಚ್ಚು ಕಡೆ ತಪ್ಪು ಎತ್ತಿ ತೋರಿಸಿದರು. ಪಂಡಿತರು ಕೆರಳಿ ಹತ್ತಾರು ಖಂಡನೆಗಳನ್ನು ಬರೆದರು. ಇಂಥ ಆಡಿಟ್ ರಿಪೋರ್ಟು ನಾನು ಜನ್ಮದಲ್ಲಿ ಬರೆದವನಲ್ಲ, ಒಪ್ಪಿಕೊಳ್ಳಬೇಕಾದ ಧೈರ್ಯ.

ಅವರ ದೊಡ್ಡ ಕೆಲಸ ಅದರಾಚೆಗಿದೆ. 1904ರ ಸುಮಾರಿಗೆ ಅಭಿಧಮ್ಮದ ಸಾರವನ್ನು ಬಾಯಿಪಾಠ ಮಾಡಬಲ್ಲ ಬರ್ಮೀಸ್ ಪದ್ಯಗಳಲ್ಲಿ ಇಳಿಸಿದರು. ಊರೂರಿನಲ್ಲಿ ಅದನ್ನು ಓದುವ ಗುಂಪುಗಳು ಕಟ್ಟಿಕೊಂಡವು, ಹೆಂಗಸರೂ ಸೇರಿದರು. ಇದರ ಬೆನ್ನಿಗೆ ಬಂದದ್ದು ಧ್ಯಾನ. ಆಳವಾದ ಸಮಾಧಿ ಸಿದ್ಧಿಸಿದ ಮೇಲೆಯೇ ವಿಪಶ್ಯನ ಎಂದು ಕಾಯಬೇಕಿಲ್ಲ. ಸಾಕಷ್ಟು ಏಕಾಗ್ರತೆ, ಕಲಿತ ಅಭಿಧಮ್ಮ, ಇವಿಷ್ಟಿದ್ದರೆ ಗೃಹಸ್ಥನೂ ತನ್ನ ಮೈಮನಸ್ಸಿನಲ್ಲಿ ಅನಿತ್ಯವನ್ನು ಈ ಜನ್ಮದಲ್ಲೇ ನೋಡಬಹುದು ಎಂದರು. ಗ್ರಂಥಗಳಲ್ಲಿ ಇದ್ದ ದಾರಿಯೇ. ಅದನ್ನು ಸಂಸಾರಸ್ಥರಿಗೆ ತೆರೆದಿಟ್ಟದ್ದು ಹೊಸದು, ಮತ್ತು ನನ್ನ ಲೆಕ್ಕದಲ್ಲಿ ಅದಕ್ಕೆ ಇಂಗ್ಲಿಷರ ಫಿರಂಗಿಯೂ ಒಂದು ಕಾರಣ.

ತೆರೆದ ಬಾಗಿಲಿನಿಂದ ಒಳಗೆ ಬಂದವರಲ್ಲಿ ಒಬ್ಬ ಭತ್ತದ ರೈತ. ರಂಗೂನಿನಿಂದ ನದಿಯಾಚೆಯ ಪ್ಯೊಬ್ವೇಜೀಯಲ್ಲಿ 1873ರಲ್ಲಿ ಹುಟ್ಟಿದ ಪೋ ಥೆಟ್, ಹದಿನಾಲ್ಕನೇ ವಯಸ್ಸಿಗೇ ಭತ್ತದ ಗಾಡಿ ಹೊಡೆಯುತ್ತಿದ್ದ. ಓದು ಅಷ್ಟಕ್ಕಷ್ಟೆ. 1903ರ ಸುಮಾರಿಗೆ ಊರಿಗೆ ಕಾಲರಾ ಬಂತು. ಮಗ ಹೋದ, ಮಗಳು ಹೋದಳು, ನೆಂಟರೂ ಹೋದರು. ಸಾರನಾಥದ ಮಾತು ಆ ಮನೆಗೆ ಪುಸ್ತಕದಿಂದ ಬರಬೇಕಾಗಿರಲಿಲ್ಲ. ಸಾವಿಲ್ಲದ್ದನ್ನು ಹುಡುಕುತ್ತೇನೆಂದು ಮನೆ ಬಿಟ್ಟು ಗುರುವಿಂದ ಗುರುವಿಗೆ ಅಲೆದು, ಕಡೆಗೆ ಲೇಡಿಯವರ ಬಳಿ ಕಲಿತು, ಊರಿಗೆ ಮರಳಿ ಕಲಿಸತೊಡಗಿದ. ಭಿಕ್ಷುಗಳಿಗೂ ನೀನು ಕಲಿಸು ಎಂದು ಲೇಡಿಯವರೇ ಅಪ್ಪಣೆ ಕೊಟ್ಟರೆಂದು ಶಿಷ್ಯರು ಹೇಳುತ್ತಾರೆ. ಜನ ಅವರನ್ನು ಸಯಾ ಥೆಟ್‌ಜೀ ಎಂದರು. ಪಂಚೆಯ ರೈತನೆದುರು ಚೀವರ ಉಟ್ಟವರು ಶಿಷ್ಯರಾಗಿ ಕೂತದ್ದು ಬೌದ್ಧ ನಾಡಿನಲ್ಲಿ ಸಣ್ಣ ಸಂಗತಿಯಲ್ಲ.

ರಾಜಧಾನಿಗೆ ಹತ್ತಿರವಾದ್ದರಿಂದ ಸರ್ಕಾರಿ ನೌಕರರೂ ಅಲ್ಲಿಗೆ ಬರುತ್ತಿದ್ದರು. 1937ರಲ್ಲಿ ಬಂದವರು ಊ ಬಾ ಖಿನ್. 1899ರಲ್ಲಿ ರಂಗೂನಿನಲ್ಲಿ ಹುಟ್ಟಿದವರು. ಶಾಲೆಯಲ್ಲಿ ಮುಂದಿದ್ದರೂ ದುಡ್ಡಿಲ್ಲದೆ ಕಾಲೇಜು ತಪ್ಪಿ, ಪತ್ರಿಕೆಯೊಂದರಲ್ಲಿ ದುಡಿದು, ಅಕೌಂಟೆಂಟ್ ಜನರಲ್ ಕಚೇರಿಗೆ ಗುಮಾಸ್ತರಾಗಿ ಸೇರಿದವರು. 1926ರಲ್ಲಿ ಅಕೌಂಟ್ಸ್ ಪರೀಕ್ಷೆ ಪಾಸು ಮಾಡಿದರು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. ಎಸ್.ಎ.ಎಸ್. ಪರೀಕ್ಷೆಗೆ ರಾತ್ರಿ ಕೂತು ಓದಿದ ನಮ್ಮಂಥವರಿಗೆ ಆ ಸುಸ್ತು ಏನೆಂದು ಗೊತ್ತು. 1941ರಲ್ಲಿ, ರೈಲ್ವೆ ಲೆಕ್ಕದ ಕೆಲಸದ ಮೇಲೆ ಚೌಸೆ ನಿಲ್ದಾಣದಲ್ಲಿ ಇಳಿದಾಗ ವೇಬು ಸಯಾಡೊ ಎಂಬ ಭಿಕ್ಷುವನ್ನು ಕಾಣಲು ಹೋದರು. ನೀವು ಕಲಿಸಲು ಶುರುಮಾಡಿ ಎಂದವರು ಅವರು.

1952ರಲ್ಲಿ ಊ ಬಾ ಖಿನ್ ರಂಗೂನಿನಲ್ಲಿ ಅಂತಾರಾಷ್ಟ್ರೀಯ ಧ್ಯಾನ ಕೇಂದ್ರ ತೆರೆದರು. ನಡುವೆ ಸಣ್ಣ ಪಗೋಡ, ಸುತ್ತ ಎಂಟು ಕೋಣೆ. ಮೊದಲ ದಿನಗಳಲ್ಲಿ ಆನಾಪಾನ, ಮೂಗಿನ ಬಳಿ ಉಸಿರು. ಆಮೇಲೆ ತಲೆಯಿಂದ ಕಾಲಿನವರೆಗೆ ಸಂವೇದನೆ. ಒಟ್ಟು ಹತ್ತು ದಿನ. ಹತ್ತು ದಿನ ಎಂಬುದು ಸರ್ಕಾರಿ ನೌಕರನ ರಜೆಯ ಅಳತೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಅವರು ಕೆಲಸ ಬಿಡಲಿಲ್ಲ. ಒಂದಕ್ಕಿಂತ ಹೆಚ್ಚು ಇಲಾಖೆಗಳನ್ನು ಒಟ್ಟಿಗೆ ನೋಡಿಕೊಂಡರು. ಲಂಚಕ್ಕೆ ಹೆಸರಾಗಿದ್ದ ಕೃಷಿ ಮಾರಾಟ ಮಂಡಳಿಯನ್ನು ಸರಿಪಡಿಸಲು ಸರ್ಕಾರ ಕಳಿಸಿದ್ದೂ ಇವರನ್ನೇ. ಆ ಹೊತ್ತಿಗೆ ರಂಗೂನಿನಲ್ಲೇ ಮಹಾಸಿ ಸಯಾಡೊ ಇನ್ನೊಂದು ಕ್ರಮ ಕಲಿಸುತ್ತಿದ್ದರು, ಹೊಟ್ಟೆಯ ಏರಿಳಿತ ನೋಡುವುದು. 1949ರಲ್ಲಿ ಪ್ರಧಾನಿ ಊ ನು ಮೊದಲಾದವರು ಅವರನ್ನು ಕರೆಸಿಕೊಂಡಿದ್ದರು. ಬೇರೆ ದೇಶಗಳಿಗೆ ಹಬ್ಬಿದ್ದರಲ್ಲಿ ಅವರ ಪಾಲೂ ದೊಡ್ಡದು. ಆಲೂರಿನಲ್ಲಿ ಆ ಹೆಸರು ನನ್ನ ಕಿವಿಗೆ ಬೀಳಲಿಲ್ಲ.

ಮುಂದಿನದು ಹೆಚ್ಚಿನವರಿಗೆ ಗೊತ್ತಿರುವ ಕಥೆ. ಮಾಂಡಲೆಯಲ್ಲಿ ಹುಟ್ಟಿದ ಮಾರ್ವಾಡಿ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ 1955ರಲ್ಲಿ ಅರೆತಲೆನೋವು ಹೊತ್ತು ಬಂದರು. ಹಲವು ದೇಶ ಸುತ್ತಿ, ಮಾರ್ಫಿನ್ ಹಿಡಿದು ಸುಸ್ತಾದವರು. ತಲೆನೋವಿಗೆ ಇಲ್ಲಿ ಮದ್ದಿಲ್ಲ ಎಂದು ಊ ಬಾ ಖಿನ್ ಮೊದಲು ಕಳಿಸಿಯೇಬಿಟ್ಟರು. ದುಃಖಕ್ಕೆ ಎಂದು ಬರುವುದಾದರೆ ಬನ್ನಿ ಎಂದರು. 1969ರ ಜುಲೈನಲ್ಲಿ ಗೋಯೆಂಕಾ ಮುಂಬಯಿಯ ಒಂದು ಧರ್ಮಶಾಲೆಯಲ್ಲಿ ಹದಿನಾಲ್ಕು ಮಂದಿಗೆ ಮೊದಲ ಶಿಬಿರ ನಡೆಸಿದರು. ತಾವೇ ಭಾರತಕ್ಕೆ ಬರಬೇಕೆಂದಿದ್ದ ಊ ಬಾ ಖಿನ್ ಬರಲಾಗದೆ 1971ರ ಜನವರಿಯಲ್ಲಿ ತೀರಿಕೊಂಡರು. ಗೋಯೆಂಕಾ ಅವರ ಇಗತ್‌ಪುರಿಯ ಧ್ಯಾನಕೇಂದ್ರ ಬಂದದ್ದು 1976ರಲ್ಲಿ, ಆಲೂರಿನದು ಅದರ ಮರಿ.

ಎರಡೂವರೆ ಸಾವಿರ ವರ್ಷದ ಕಡಿಯದ ಪರಂಪರೆ ಎಂಬ ಬಾಬ್ತನ್ನು ನಾನು ಪಾಸು ಮಾಡಲಾರೆ. ಒಬ್ಬ ವಾದಗಾರ ಭಿಕ್ಷು, ಮಕ್ಕಳನ್ನು ಕಳಕೊಂಡ ಒಬ್ಬ ರೈತ, ಒಬ್ಬ ಲೆಕ್ಕಾಧಿಕಾರಿ, ತಲೆನೋವಿನ ಒಬ್ಬ ವರ್ತಕ: ದಾಖಲೆ ಇರುವುದು ಇವರಿಗೆ, ಇವರೇನೂ ಕಡಿಮೆಯವರಲ್ಲ. ಬರ್ಮೀಸ್ ಬಲ್ಲ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ಲೇಡಿ ಸಯಾಡೊ ಬರೆದ ಆ ಗೋವಿನ ಪತ್ರವನ್ನು ಇಂಗ್ಲಿಷಿನ ಹಂಗಿಲ್ಲದೆ ಕನ್ನಡಕ್ಕೆ ತನ್ನಿ. ಓದಲು ನಾನಿದ್ದೇನೆ.