ಜೈನ ವೈದ್ಯಪರಂಪರೆ ಮತ್ತು ಗರ್ಭಿಣೀಪಥ್ಯ

ಪ್ರಾಚೀನ ಭಾರತೀಯ ವೈದ್ಯಗ್ರಂಥಗಳಲ್ಲಿ ಗರ್ಭಿಣಿಯ ಆಹಾರ ವಿಹಾರಗಳ ವಿಚಾರವು ಶಾರೀರಸ್ಥಾನದ ಒಂದು ಮುಖ್ಯ ಅಂಗವಾಗಿದೆ. ಚರಕ, ಸುಶ್ರುತ, ವಾಗ್ಭಟ ಈ ಮೂವರೂ ಇದನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ. ಆದರೆ ವ್ರತನಿಷ್ಠವಾದ ಜೈನ ಗೃಹಸ್ಥನ ಮನೆಯಲ್ಲಿ ಈ ವಿಧಿಗಳನ್ನು ಆಚರಣೆಗೆ ತರುವಾಗ ಒಂದು ತೊಡಕು ಎದುರಾಗುತ್ತಿತ್ತು. ಗರ್ಭಿಣಿಗೆ ಬಲ ಬರಬೇಕು, ಆದರೆ ವ್ರತಭಂಗವಾಗಕೂಡದು. ಈ ಎರಡರ ಸಾಮರಸ್ಯವನ್ನು ಜೈನ ವೈದ್ಯಪರಂಪರೆಯು ಹೇಗೆ ಸಾಧಿಸಬಹುದಾಗಿತ್ತು ಎಂಬುದು ವಿಚಾರಾರ್ಹವಾದ ಸಂಗತಿ.

ಗರ್ಭಿಣಿಯನ್ನು ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯಂತೆ ಅಲುಗಿಸದೆ ಕಾಪಾಡಬೇಕೆಂದು ಚರಕಸಂಹಿತೆಯು ಹೇಳುತ್ತದೆ. ಅಲ್ಲಿ ನಿರೂಪಿತವಾದ ಮಾಸಾನುಮಾಸಿಕ ಪಥ್ಯದ ಕ್ರಮ ಹೀಗಿದೆ: ಮೊದಲನೆಯ ತಿಂಗಳು ಹಾಲು, ಎರಡನೆಯ ತಿಂಗಳು ಮಧುರ ಔಷಧಿಗಳಿಂದ ಸಿದ್ಧವಾದ ಹಾಲು, ಮೂರನೆಯ ತಿಂಗಳು ಜೇನು ತುಪ್ಪಗಳೊಡನೆ ಹಾಲು, ನಾಲ್ಕನೆಯದರಲ್ಲಿ ಹಾಲಿನಿಂದ ತೆಗೆದ ಬೆಣ್ಣೆ, ಐದನೆಯದರಲ್ಲಿ ತುಪ್ಪ, ಆರು ಮತ್ತು ಏಳನೆಯ ತಿಂಗಳುಗಳಲ್ಲಿ ಮಧುರ ಔಷಧಿಗಳಿಂದ ಸಂಸ್ಕರಿಸಿದ ತುಪ್ಪ, ಎಂಟನೆಯದರಲ್ಲಿ ಹಾಲಿನಲ್ಲಿ ಬೇಯಿಸಿ ತುಪ್ಪ ಬೆರೆಸಿದ ಗಂಜಿ, ಒಂಬತ್ತನೆಯದರಲ್ಲಿ ತೈಲದ ಅನುವಾಸನಬಸ್ತಿ. ಸುಶ್ರುತನಾದರೋ ನಾಲ್ಕನೆಯ ತಿಂಗಳಲ್ಲಿ ಹಾಲು ಬೆಣ್ಣೆಗಳ ಜೊತೆಗೆ ಜಾಂಗಲ ಮಾಂಸವನ್ನೂ ವಿಧಿಸಿದ್ದಾನೆ.

ಜೈನ ಶ್ರಾವಕನ ಅಷ್ಟಮೂಲಗುಣಗಳನ್ನು ಆಚಾರ್ಯರು ಭಿನ್ನ ಭಿನ್ನವಾಗಿ ಎಣಿಸಿದ್ದರೂ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವು ಅವುಗಳಲ್ಲಿ ಪ್ರಸಿದ್ಧವಾದುದು. ಈ ದೃಷ್ಟಿಯಿಂದ ಎರಡು ಸಂಹಿತೆಗಳನ್ನು ತುಲನೆ ಮಾಡಿದಾಗ ಗಮನಾರ್ಹವಾದ ಅಂಶವೊಂದು ಹೊರಪಡುತ್ತದೆ. ಚರಕನ ಮಾಸಾನುಮಾಸಿಕ ಕ್ರಮದಲ್ಲಿ ಮಾಂಸವೇ ಇಲ್ಲ. ಅಲ್ಲಿ ವ್ರತಕ್ಕೆ ವಿರೋಧವಾದುದು ಮೂರನೆಯ ತಿಂಗಳಿನ ಜೇನು ಮಾತ್ರ. ಅದನ್ನು ಬಿಟ್ಟರೂ ಹಾಲು ತುಪ್ಪಗಳು ಉಳಿಯುತ್ತವೆ. ಕ್ರಮದ ಮೂಲಸ್ವರೂಪಕ್ಕೆ ಹಾನಿಯಿಲ್ಲ. ಆದ್ದರಿಂದ ಜೈನ ವೈದ್ಯನು ಹೊಸ ಶಾಸ್ತ್ರವೊಂದನ್ನು ಕಟ್ಟಬೇಕಾಗಿರಲಿಲ್ಲ. ಇದ್ದುದನ್ನು ವಿವೇಕದಿಂದ ಶೋಧಿಸಿಕೊಂಡರೆ ಸಾಕಾಗಿತ್ತು.

ಈ ಶೋಧನಕಾರ್ಯಕ್ಕೆ ಕರ್ನಾಟಕದೊಡನೆ ನಿಕಟವಾದ ಸಂಬಂಧವಿದೆ. ಉಗ್ರಾದಿತ್ಯಾಚಾರ್ಯನ ಸಂಸ್ಕೃತ ‘ಕಲ್ಯಾಣಕಾರಕ’ದ ಕೊನೆಯಲ್ಲಿರುವ ಹಿತಾಹಿತಾಧ್ಯಾಯವು ಮಾಂಸಭಕ್ಷಣವನ್ನು ವೈದ್ಯದೃಷ್ಟಿಯಿಂದಲೇ ನಿರಾಕರಿಸುತ್ತದೆ. ಅದು ನೃಪತುಂಗನ ಸಭೆಯಲ್ಲಿ ಪ್ರತಿಪಾದಿತವಾಯಿತೆಂದು ಗ್ರಂಥದಲ್ಲಿ ಹೇಳಿದೆ. ಈ ನೃಪತುಂಗನು ರಾಷ್ಟ್ರಕೂಟ ಅಮೋಘವರ್ಷ (ಕ್ರಿ. ಶ. 814–878) ಎಂಬುದು ವಿದ್ವಾಂಸರಲ್ಲಿ ಪ್ರಚಲಿತವಾದ ಅಭಿಪ್ರಾಯ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿದ ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಮುಂದೆ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವೆಂಬುದೇ ಆ ಕೃತಿಯ ವೈಶಿಷ್ಟ್ಯ.

ವ್ರತದ ಸೂಕ್ಷ್ಮತೆ ಇಷ್ಟಕ್ಕೇ ನಿಲ್ಲುವುದಿಲ್ಲ. ಅತ್ತಿ, ಆಲ, ಅರಳಿ ಮೊದಲಾದ ಪಂಚೋದುಂಬರಗಳ ಹಣ್ಣುಗಳಲ್ಲಿ ತ್ರಸಜೀವಗಳಿರುವುದರಿಂದ ಅವು ತ್ಯಾಜ್ಯ. ಆದರೆ ಅದೇ ಕ್ಷೀರವೃಕ್ಷಗಳ ತೊಗಟೆ ಮತ್ತು ಚಿಗುರುಗಳನ್ನು ವೈದ್ಯರು ಔಷಧದಲ್ಲಿ ಬಳಸುತ್ತಾರೆ. ಈ ನಿಷೇಧವು ಫಲಕ್ಕೆ ಅನ್ವಯಿಸುವುದೇ ಹೊರತು ತೊಗಟೆಗಲ್ಲ. ಕಂದಮೂಲಗಳ ವಿಷಯವೂ ಹೀಗೆಯೇ. ಅನಂತಕಾಯವೆನಿಸಿದ ಹಸಿಶುಂಠಿಯನ್ನು ವ್ರತಿಗಳು ತಿನ್ನುವುದಿಲ್ಲ. ಒಣಗಿ ಪ್ರಾಸುಕವಾದ ಒಣಶುಂಠಿಯನ್ನು ಸ್ವೀಕರಿಸುತ್ತಾರೆ. ಮೊದಲ ತಿಂಗಳುಗಳ ವಾಕರಿಕೆಗೆ ಶುಂಠಿಯಿಂದ ಉಪಶಮನವುಂಟಾಗುವುದನ್ನು ಆಧುನಿಕ ಪರೀಕ್ಷೆಗಳೂ ಸಮರ್ಥಿಸಿರುವುದರಿಂದ ಈ ಭೇದವು ಕೇವಲ ಶಾಸ್ತ್ರಚರ್ಚೆಯಲ್ಲ. ಗರ್ಭಿಣಿಯ ಪಾಲಿಗೆ ಅದು ದಿನನಿತ್ಯದ ಪ್ರಯೋಜನ.

ಗರ್ಭಿಣಿಯ ಸಾಮಾನ್ಯ ಬಾಧೆಗಳಲ್ಲಿ ಏಳನೆಯ ತಿಂಗಳಿನ ಎದೆಯುರಿ ಮತ್ತು ತುರಿಕೆಗಳನ್ನು ಕುರಿತ ಚರಕನ ವಿವೇಚನೆ ಬಹು ಸ್ವಾರಸ್ಯಕರವಾದುದು. ಗರ್ಭಸ್ಥ ಶಿಶುವಿಗೆ ಕೂದಲು ಹುಟ್ಟುವುದರಿಂದ ತಾಯಿಗೆ ಉರಿಯಾಗುತ್ತದೆಂಬ ಸ್ತ್ರೀಯರ ನಂಬಿಕೆಯನ್ನು ಸಂಹಿತೆಯು ದಾಖಲಿಸಿ, ಆತ್ರೇಯನು ಅದನ್ನು ಒಪ್ಪುವುದಿಲ್ಲವೆಂದು ಹೇಳುತ್ತದೆ. ಬೆಳೆದ ಗರ್ಭದ ಒತ್ತಡದಿಂದ ದೋಷಗಳು ಮೇಲಕ್ಕೇರಿ ಎದೆಯಲ್ಲಿ ವಿದಾಹವನ್ನುಂಟುಮಾಡುತ್ತವೆ. ಅದರಿಂದ ತುರಿಕೆ, ತುರಿಕೆಯಿಂದ ಚರ್ಮ ಬಿರಿಯುವ ‘ಕಿಕ್ಕಿಸ’ ಎಂಬುದು ಅವನ ಮತ. ಗರ್ಭವು ಜಠರವನ್ನು ಮೇಲಕ್ಕೆ ಒತ್ತುವುದು ಎದೆಯುರಿಗೆ ಒಂದು ಕಾರಣವೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಬೋರೆಹಣ್ಣಿನ ನೀರಿನೊಡನೆ ಮಧುರ ಔಷಧಿಗಳಿಂದ ಸಿದ್ಧವಾದ ಬೆಣ್ಣೆಯನ್ನು ಅಲ್ಪ ಪ್ರಮಾಣದಲ್ಲಿ ಸೇವಿಸುವುದು, ಚಂದನ ಮತ್ತು ತಾವರೆಯ ದಂಟುಗಳ ಕಲ್ಕವನ್ನು ಲೇಪಿಸುವುದು, ಕೆರೆದುಕೊಳ್ಳದಿರುವುದು ಅಲ್ಲಿ ಹೇಳಿರುವ ಉಪಚಾರಗಳಲ್ಲಿ ಕೆಲವು. ಇವುಗಳಲ್ಲಿ ಜೈನಾಚಾರಕ್ಕೆ ಬಾಧಕವಾದುದು ಯಾವುದೂ ಕಾಣುವುದಿಲ್ಲ.

ಉಪವಾಸದ ಪ್ರಶ್ನೆಯು ಇದಕ್ಕಿಂತ ಜಟಿಲವಾದುದು. ಅನಶನಕ್ಕೆ ತಪಸ್ಸಿನಲ್ಲಿ ಪ್ರಥಮ ಸ್ಥಾನವನ್ನು ಕೊಟ್ಟ ಧರ್ಮದಲ್ಲಿ ಗರ್ಭಿಣಿಯು ಏನು ಮಾಡಬೇಕು? ಗರ್ಭಿಣಿಯು ಬಿಡಬೇಕಾದವುಗಳಲ್ಲಿ ವಾಗ್ಭಟನು ಉಪವಾಸವನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಶ್ವೇತಾಂಬರರ ಕಲ್ಪಸೂತ್ರದಲ್ಲಿ ಬರುವ ತ್ರಿಶಲಾದೇವಿಯ ವರ್ಣನೆಯೂ ಈ ಮಾತಿಗೆ ಪೋಷಕವಾಗಿದೆ. ಅತಿ ಶೀತವೂ ಅತಿ ಉಷ್ಣವೂ ಅಲ್ಲದ, ಅತಿ ಕಹಿಯೂ ಅತಿ ಖಾರವೂ ಅಲ್ಲದ, ಋತುವಿಗೆ ಹಿತವಾದ ಆಹಾರದಿಂದ ಆಕೆ ಗರ್ಭವನ್ನು ಪೋಷಿಸಿದಳೆಂದು ಅಲ್ಲಿ ಹೇಳಿದೆ. ತೀರ್ಥಂಕರನ ತಾಯಿಗೆ ಸಲ್ಲಿದುದು ಮಿತಾಹಾರವೇ ಹೊರತು ನಿರಾಹಾರವಲ್ಲ. ಅದೇ ಗ್ರಂಥದ ಪ್ರಕಾರ, ತಾಯಿಗೆ ನೋವಾಗದಿರಲೆಂದು ಮಹಾವೀರನು ಗರ್ಭದಲ್ಲಿ ನಿಶ್ಚಲನಾಗಿದ್ದನು. ಆಕೆ ಶೋಕಿಸಿದಾಗ ಮತ್ತೆ ಚಲಿಸಿದನು.

ದಿಗಂಬರ ಪರಂಪರೆಯಲ್ಲಿ ಜಿನಸೇನಾಚಾರ್ಯರ ಆದಿಪುರಾಣವು ಈ ಕಾಲಾವಧಿಯನ್ನು ಸಂಸ್ಕಾರಗಳಿಂದ ಗುರುತಿಸುತ್ತದೆ. ಮೂರನೆಯ ತಿಂಗಳಲ್ಲಿ ಪ್ರೀತಿ, ಐದರಲ್ಲಿ ಸುಪ್ರೀತಿ, ಏಳರಲ್ಲಿ ಧೃತಿ, ಒಂಬತ್ತರಲ್ಲಿ ಮೋದ ಎಂಬ ಕ್ರಿಯೆಗಳು ವಿಹಿತವಾಗಿವೆ. ಧೃತಿಯ ಉದ್ದೇಶ ಗರ್ಭದ ವೃದ್ಧಿ; ಮೋದದ ಉದ್ದೇಶ ಗರ್ಭದ ಪುಷ್ಟಿ. ಧರ್ಮಕ್ರಿಯೆಗೆ ಪುಷ್ಟಿಯೇ ಪ್ರಯೋಜನವೆಂದು ಹೇಳಿರುವುದು ಮನನೀಯ. ಅದೇ ಪುರಾಣದಲ್ಲಿ ಭರತನನ್ನು ಹೊತ್ತ ಯಶಸ್ವತಿಯು ಕತ್ತಿಯ ಅಲಗನ್ನೇ ಕನ್ನಡಿಯಾಗಿಸಿಕೊಂಡು ಮುಖವನ್ನು ನೋಡಿಕೊಳ್ಳುತ್ತಾಳೆ. ಬಯಕೆಯನ್ನು ಕಡೆಗಣಿಸಕೂಡದೆಂಬ ವೈದ್ಯಮತವೂ ಕನ್ನಡ ನಾಡಿನ ಬಯಕೆಯೂಟದ ಸಂಪ್ರದಾಯವೂ ಒಂದೇ ದಿಕ್ಕನ್ನು ಸೂಚಿಸುತ್ತವೆ.

ಹಾಗೆಂದು ಗ್ರಂಥೋಕ್ತವಾದುದೆಲ್ಲವೂ ಇಂದಿಗೆ ಸಾಕೆಂದು ಭಾವಿಸಲಾಗದು. ಹಾಲು ತುಪ್ಪಗಳ ಪಥ್ಯದಿಂದ ಶಕ್ತಿ ದೊರೆಯುತ್ತದೆ. ಹಾಲಿನಲ್ಲಿ ಸಸಾರಜನಕ, ಸುಣ್ಣದಂಶ, ಬಿ12 ಜೀವಸತ್ವಗಳಿವೆ. ಆದರೆ ಕಬ್ಬಿಣದ ಅಂಶ ಅತ್ಯಲ್ಪ. ಮಾಂಸವನ್ನು ಬಿಟ್ಟ ಗರ್ಭಿಣಿಗೆ ಈ ಕೊರತೆಯು ಗಂಭೀರವಾದುದು. ಬೇಳೆಕಾಳು, ಸೊಪ್ಪು, ರಾಗಿ ಮೊದಲಾದವುಗಳನ್ನು ನಿಂಬೆ ನೆಲ್ಲಿಗಳಂಥ ಹುಳಿಯೊಡನೆ ಸೇವಿಸುವುದು ಸಹಾಯಕ; ಅದರ ಜೊತೆಗೆ, ಭಾರತ ಸರ್ಕಾರವು 2018ರಲ್ಲಿ ಆರಂಭಿಸಿದ ರಕ್ತಹೀನತಾಮುಕ್ತ ಭಾರತ ಯೋಜನೆಯಲ್ಲಿ ವಿಧಿಸಿರುವಂತೆ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವುಳ್ಳ ಮಾತ್ರೆಯನ್ನು ಗರ್ಭಕಾಲದಲ್ಲಿ 180 ದಿನ ಸೇವಿಸುವುದು ಅವಶ್ಯಕ. ಬಸ್ತಿ, ರಸೌಷಧಿಗಳನ್ನು ತಾಳೆಗರಿಯ ಆಧಾರದ ಮೇಲೆ ಪ್ರಯೋಗಿಸುವುದು ಅಪಾಯಕರ.

ಅಪಾಯಕ್ಕೆ ಮತ್ತೊಂದು ಕಾರಣ ಪಾಠದ ಸಮಸ್ಯೆ. ವೈದ್ಯ ಹಸ್ತಪ್ರತಿಗಳಲ್ಲಿ ಒಂದು ಅಕ್ಷರ ತಪ್ಪಿದರೆ ಮೂಲಿಕೆಯೇ ಬೇರೆಯಾಗುತ್ತದೆ. ಅಂಕಿಯೊಂದು ಅಳಿಸಿದರೆ ಪ್ರಮಾಣ ಕೆಡುತ್ತದೆ. ಇಲ್ಲಿ ಕನ್ನಡದ ಸಸ್ಯನಾಮಗಳಿಂದ ಆಗುವ ಉಪಕಾರ ದೊಡ್ಡದು. ಉಶೀರಕ್ಕೆ ಲಾವಂಚ, ಗೋಕ್ಷುರಕ್ಕೆ ನೆಗ್ಗಿಲು, ಶತಾವರಿಗೆ ಹಲವು ಮಕ್ಕಳ ತಾಯಿ ಬೇರು ಎಂಬ ಹೆಸರುಗಳು ಮೂಲಿಕೆಯ ಗುರುತನ್ನು ನಿಶ್ಚಯಿಸಲು ನೆರವಾಗುತ್ತವೆ. ಕೊನೆಯ ಹೆಸರಂತೂ ಅದರ ಬಳಕೆಯನ್ನೂ ಧ್ವನಿಸುತ್ತದೆ. ಆದಕಾರಣ ಜೈನ ಭಂಡಾರಗಳಲ್ಲಿರುವ ವೈದ್ಯ ಹಸ್ತಪ್ರತಿಗಳನ್ನು ಪಾಠಾಂತರಗಳೊಡನೆ, ವೈದ್ಯರ ಮತ್ತು ಸಸ್ಯಶಾಸ್ತ್ರಜ್ಞರ ಸಹಕಾರದಿಂದ ಪರಿಷ್ಕರಿಸುವುದು ಆದ್ಯ ಕರ್ತವ್ಯವಾಗಿದೆ. ತಾಯಿಯನ್ನೂ ವ್ರತವನ್ನೂ ಒಟ್ಟಿಗೆ ಉಳಿಸಲು ಪ್ರಯತ್ನಿಸಿದ ಪರಂಪರೆಯೊಂದರ ನಿಜಸ್ವರೂಪವು ಆಗ ಮಾತ್ರ ವಿಶದವಾದೀತು.