ಜರುಗಿದ ಮಸೂರದ ಕಥೆ

ಎರಡು ತಿಂಗಳಿನಿಂದ ನನ್ನ ಬರಹ ಏಕೆ ಬರಲಿಲ್ಲವೆಂದು ಹಳೆಯ ವಿದ್ಯಾರ್ಥಿಗಳು ಕೆಲವರು ದೂರವಾಣಿ ಮಾಡಿ ವಿಚಾರಿಸಿದರು. ಬೆಂಗಳೂರಿನಲ್ಲಿರುವ ತಂಗಿಯ ಮಗನಂತೂ "ಮಾವ, ಆರೋಗ್ಯ ಸರಿಯಾಗಿದೆ ತಾನೆ?" ಎಂದು ಮೂರು ಬಾರಿ ಕೇಳಿದ. ಆರೋಗ್ಯ ಸರಿಯಾಗಿಯೇ ಇತ್ತು. ಬಲಗಣ್ಣಿನೊಳಗೆ ಹಾಕಿದ್ದ ಮಸೂರ ಮಾತ್ರ ತನ್ನ ಸ್ಥಾನದಿಂದ ಜರುಗಿ ಕೆಳಗಿಳಿದಿತ್ತು. ಹೀಗೂ ಆಗುವುದುಂಟೆ ಎಂದು ಕೇಳಿದವರೇ ಹೆಚ್ಚು. ಆಗುವುದುಂಟು. ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆಗೇ ಹೇಳಿಬಿಡುತ್ತೇನೆ. ಜೀವಮಾನವೆಲ್ಲ ಇತಿಹಾಸ ಬೋಧಿಸಿದವನಾದ್ದರಿಂದ ಕಥೆ ಸ್ವಲ್ಪ ಹಿಂದಿನಿಂದ ಆರಂಭವಾದರೆ ಮನ್ನಿಸಬೇಕು.

ಆ ಕಣ್ಣಿನ ಪೊರೆ ತೆಗೆಸಿ ಹನ್ನೆರಡು ವರ್ಷಗಳಾಗಿದ್ದವು. ಅಷ್ಟು ಕಾಲ ಯಾವ ತೊಂದರೆಯೂ ಇರಲಿಲ್ಲ. ಒಂದು ಸಂಜೆ ದೇವರ ಮನೆಯ ನಂದಾದೀಪಕ್ಕೆ ಎರಡು ಕುಡಿಗಳು ಕಂಡವು. ಪುಸ್ತಕದ ಪ್ರತಿ ಸಾಲಿನ ಮೇಲೆಯೂ ಇನ್ನೊಂದು ಸಾಲಿನ ನೆರಳು ಕುಳಿತಿರುತ್ತಿತ್ತು. ಕನ್ನಡಕದ ನಂಬರು ಬದಲಾಗಿರಬೇಕೆಂದು ಅಂಗಡಿಯವರು ಹೇಳಿದರು, ನಾನೂ ನಂಬಿದೆ. ಎರಡು ಸಲ ಗಾಜು ಬದಲಾಯಿಸಿ ಮೂರು ತಿಂಗಳು ಕಳೆದೆ. ಕೊನೆಗೊಂದು ದಿನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದೆ. ಆಗಲೂ ದೀಪ ಎರಡೇ. ಎರಡು ಕಣ್ಣುಗಳ ನಡುವೆ ಹೊಂದಾಣಿಕೆ ತಪ್ಪಿ ಎರಡು ಕಂಡರೆ ಅದು ಬೇರೆ ಮಾತು. ಒಂದೇ ಕಣ್ಣಿಗೆ ಎರಡು ಕಂಡರೆ ದೋಷ ಆ ಕಣ್ಣಿನೊಳಗೇ ಇದೆಯೆಂದು ಅರ್ಥ. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬಹುದಾಗಿತ್ತು. ನಿಮ್ಮ ಮನೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯಾದ ಹಿರಿಯರಿದ್ದರೆ ಇದನ್ನು ನೆನಪಿಡಿ.

ವೈದ್ಯರು ಔಷಧಿಯ ಹನಿ ಹಾಕಿ ಪಾಪೆಯನ್ನು ಅಗಲಗೊಳಿಸಿ ನೋಡಿ, ಮಸೂರದ ಮೇಲಂಚು ಪಾಪೆಯ ನಡುವೆ ಅಡ್ಡವಾಗಿ ಕಾಣುತ್ತಿದೆಯೆಂದರು. ಅಂಚಿನ ಕೆಳಗೆ ಮಸೂರದ ಮೂಲಕ ಒಂದು ಚಿತ್ರ, ಮೇಲೆ ಬರಿಗಣ್ಣಿನಿಂದ ಮಸುಕಾದ ಇನ್ನೊಂದು ಚಿತ್ರ. ನಮ್ಮ ಹುಟ್ಟುಮಸೂರ ಒಂದು ತೆಳ್ಳನೆಯ ಕೋಶದೊಳಗಿರುತ್ತದೆ. ಆ ಕೋಶವನ್ನು ಸುತ್ತಲೂ ಕೂದಲಿಗಿಂತ ಸೂಕ್ಷ್ಮವಾದ ಎಳೆಗಳು ಬಿಗಿದು ಹಿಡಿದಿರುತ್ತವೆ. ಈಗಿನ ಶಸ್ತ್ರಚಿಕಿತ್ಸೆಯಲ್ಲಿ ಕೋಶವನ್ನು ಉಳಿಸಿಕೊಂಡು ಒಳಗಿನ ಪೊರೆಗಟ್ಟಿದ ಭಾಗವನ್ನು ಮಾತ್ರ ತೆಗೆದು, ಅಲ್ಲಿ ಹೊಸ ಮಸೂರವನ್ನು ಕೂರಿಸುತ್ತಾರೆ. ಎಳೆಗಳು ದುರ್ಬಲವಾದರೆ ಕೋಶವೂ ಮಸೂರವೂ ಒಟ್ಟಿಗೇ ಜೋಲುತ್ತವೆ. ಪೆಟ್ಟು ಬಿದ್ದವರಲ್ಲಿ, ತೀವ್ರ ಸಮೀಪದೃಷ್ಟಿಯವರಲ್ಲಿ ಹೀಗಾಗಬಹುದು. ವಯಸ್ಸಾದ ಕೆಲವರ ಕಣ್ಣೊಳಗೆ ತಲೆಹೊಟ್ಟಿನಂತಹ ಬಿಳಿಯ ಪದಾರ್ಥ ಸೇರಿಕೊಂಡು ಎಳೆಗಳನ್ನು ಸಡಿಲಿಸುವುದೂ ಉಂಟು. ನನ್ನದು ಈ ಕೊನೆಯ ಬಗೆ.

ಇದನ್ನು ಕೇಳಿದಾಗ ನನಗೆ ಮೊದಲು ನೆನಪಾದುದು ಸುಶ್ರುತ. ಇಂದು ನಾವು ಯಾವುದನ್ನು ಅವಘಡವೆನ್ನುತ್ತೇವೆಯೋ ಅದನ್ನೇ ಹಿಂದಿನ ವೈದ್ಯರು ಬೇಕೆಂದೇ ಮಾಡುತ್ತಿದ್ದರು. ಪೊರೆಗಟ್ಟಿದ ಮಸೂರವನ್ನು ಹೊರತೆಗೆಯುವ ದಾರಿ ತಿಳಿಯದಿದ್ದಾಗ, ಅದನ್ನು ಬೆಳಕಿನ ಹಾದಿಯಿಂದ ಪಕ್ಕಕ್ಕೆ ಸರಿಸುವುದೇ ಚಿಕಿತ್ಸೆಯಾಗಿತ್ತು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ವ್ಯಾಧಿಗೆ ಈ ಕ್ರಮದ ವರ್ಣನೆಯಿದೆ. ಜವೆಯ ಕಾಳಿನಂತೆ ಮೊನೆಯಿರುವ ಶಲಾಕೆಯಿಂದ ಕಣ್ಣಿನ ಬದಿಯನ್ನು ಚುಚ್ಚುತ್ತಿದ್ದರು. ಆ ಹೊತ್ತಿಗೆ ರೋಗಿ ತೇಗಬಾರದು, ಕೆಮ್ಮಬಾರದು, ಸೀನಬಾರದು, ಉಗುಳಬಾರದು, ನಡುಗಬಾರದು. ಆಮೇಲೆ ಕಣ್ಣಿಗೆ ತುಪ್ಪ ಹಾಕಿ ಬಟ್ಟೆ ಕಟ್ಟಿ ಅಂಗಾತ ಮಲಗಿಸುತ್ತಿದ್ದರು. ಇಷ್ಟು ನಿಯಮಗಳೇಕೆಂದು ಮೊದಲ ಓದಿನಲ್ಲಿ ನನಗೆ ಸೋಜಿಗವಾಗಿತ್ತು. ಅಲುಗಾಡಿದರೆ ಕೈ ತಪ್ಪುತ್ತದೆ, ಕೆಳಗೆ ತಳ್ಳಿದ್ದು ಮೇಲೆ ಬರುತ್ತದೆ ಎಂಬ ಭಯ ಇದರಲ್ಲಿದ್ದಿರಬೇಕೆಂದು ಈಗ ನನಗೆ ತೋರುತ್ತದೆ.

ಮೇಲೆ ಬಂದದ್ದಕ್ಕೆ ಯೂರೋಪಿನಲ್ಲೊಂದು ಪ್ರಸಿದ್ಧ ಉದಾಹರಣೆಯಿದೆ. ಸಂಗೀತಗಾರ ಬಾಖ್ ತನ್ನ ಕೊನೆಯ ವರ್ಷದಲ್ಲಿ, 1750ರ ವಸಂತದಲ್ಲಿ, ಜಾನ್ ಟೇಲರ್ ಎಂಬ ಸಂಚಾರಿ ಕಣ್ಣಿನ ವೈದ್ಯನ ಕೈಗೆ ಕಣ್ಣೊಪ್ಪಿಸಿದ. ಕೆಲವೇ ದಿನಗಳಲ್ಲಿ ಎರಡನೆಯ ಸಲವೂ ಚುಚ್ಚಬೇಕಾಯಿತು. ತಳ್ಳಿದ ಪೊರೆ ಮತ್ತೆ ತೇಲಿ ಬಂದದ್ದೇ ಕಾರಣವೆಂದು ವೈದ್ಯಚರಿತ್ರೆಕಾರರ ಊಹೆ. ದೃಷ್ಟಿ ಬರಲಿಲ್ಲ, ಜುಲೈ 28ರಂದು ಬಾಖ್ ತೀರಿಕೊಂಡ. ಅದಕ್ಕೆ ಮೂರು ವರ್ಷಗಳ ಹಿಂದೆ, 1747ರಲ್ಲಿ, ಝಾಕ್ ದಾವಿಯೆಲ್ ಎಂಬ ಫ್ರೆಂಚ್ ವೈದ್ಯ ಕಣ್ಣಿನ ಮುಂಭಾಗವನ್ನು ಕೊಯ್ದು ಪೊರೆಯನ್ನು ಹೊರಕ್ಕೇ ತೆಗೆದಿದ್ದ. 1753ರಲ್ಲಿ ಆತ ತನ್ನ ವಿಧಾನವನ್ನು ಪ್ರಕಟಿಸಿದ. ಹೊರಗೆ ಹೋದದ್ದು ತಿರುಗಿ ಬರುವ ಮಾತಿಲ್ಲ. ಆದರೆ ಮಸೂರವೇ ಇಲ್ಲದ ಕಣ್ಣು ನೋಡುವುದು ಹೇಗೆ? ಮುಂದಿನ ಇನ್ನೂರು ವರ್ಷ ಅದಕ್ಕಿದ್ದ ಉತ್ತರವೊಂದೇ: ಸೋಡಾಬಾಟಲಿಯ ತಳದಂತಹ ಕನ್ನಡಕ.

ಆ ಕನ್ನಡಕವನ್ನು ನಾನು ನನ್ನ ಸೋದರತ್ತೆಯ ಮುಖದ ಮೇಲೆ ಕಂಡವನು. 1970ರ ದಶಕದಲ್ಲಿ ನಮ್ಮ ತಾಲ್ಲೂಕಿನ ಕಣ್ಣಿನ ಶಿಬಿರವೊಂದರಲ್ಲಿ ಅವರ ಪೊರೆ ತೆಗೆದರು. ಕನ್ನಡನಾಡಿನಲ್ಲಿ ಶಿಬಿರವೆಂದರೆ ಡಾ. ಎಂ. ಸಿ. ಮೋದಿಯವರ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಅವರು ಹಳ್ಳಿಹಳ್ಳಿಗೂ ಹೋಗಿ ಪೊರೆ ತೆಗೆದರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 1968ರಲ್ಲಿ ಪದ್ಮಭೂಷಣ ಬಂದಿತು, 2005ರಲ್ಲಿ ನಿಧನರಾದರು. ಅತ್ತೆ ಹೋದದ್ದು ಅವರ ಶಿಬಿರಕ್ಕಲ್ಲ, ಅಂತಹದೇ ಇನ್ನೊಂದಕ್ಕೆ. ಕತ್ತಲೆಯಲ್ಲಿದ್ದವರಿಗೆ ಬೆಳಕು ಬಂದದ್ದು ಸುಳ್ಳಲ್ಲ. ಆದರೆ ಆ ಬೆಳಕಿನಲ್ಲಿ ಪ್ರಪಂಚ ಹೇಗಿತ್ತೆಂಬುದನ್ನು ಬರೆದವರು ಕಡಿಮೆ.

ಅಂತಹ ಗಾಜು ಪ್ರತಿಯೊಂದನ್ನೂ ಕಾಲು ಭಾಗಕ್ಕಿಂತ ಹೆಚ್ಚಾಗಿ ಹಿಗ್ಗಿಸಿ ತೋರಿಸುತ್ತದೆ. ಲೋಟ ಇರುವುದಕ್ಕಿಂತ ಹತ್ತಿರದಲ್ಲಿರುವಂತೆ ಕಾಣುತ್ತದೆ. ಅತ್ತೆ ಹೊಯ್ದ ಮಜ್ಜಿಗೆ ಅದರ ಈಚೆಗೇ ಬೀಳುತ್ತಿತ್ತು. ಗಾಜಿನ ಅಂಚಿನ ಸುತ್ತ ಏನೂ ಕಾಣದ ಬಳೆಯಾಕಾರದ ಜಾಗವೊಂದಿರುತ್ತದೆ. ಪಕ್ಕದಿಂದ ಬಂದವರು ಆ ಬಳೆಯೊಳಗೆ ಮಾಯವಾಗಿ ಥಟ್ಟನೆ ಎದುರಿಗೇ ಮೂಡುತ್ತಾರೆ. ಮಕ್ಕಳಾದ ನಾವು ಓಡಿಬಂದಾಗಲೆಲ್ಲ ಅವರು ಬೆಚ್ಚಿಬೀಳುತ್ತಿದ್ದರು, ನಾವು ನಗುತ್ತಿದ್ದೆವು. ಅವರಿಗೆ ವಯಸ್ಸಾಗಿ ಮನಸ್ಸು ಅಳುಕುತ್ತಿದೆಯೆಂದೇ ಮನೆಮಂದಿಯೆಲ್ಲ ತಿಳಿದಿದ್ದರು. ಒಮ್ಮೆ ಕನ್ನಡಕ ಜಗಲಿಯ ಕಲ್ಲಿನ ಮೇಲೆ ಬಿದ್ದು ಒಡೆಯಿತು. ಹೊಸದು ಬರುವವರೆಗೆ ಎರಡು ತಿಂಗಳು ಅವರು ಗೋಡೆ ಹಿಡಿದೇ ನಡೆದರು.

ಕಣ್ಣಿನೊಳಗೇ ಮಸೂರವಿಡುವ ಸಾಹಸ ನಡೆದದ್ದು 1949ರಲ್ಲಿ. ಅದರ ಬೇರು ಮಾತ್ರ ಎರಡನೆಯ ಮಹಾಯುದ್ಧದಲ್ಲಿದೆ. 1940ರ ಬ್ರಿಟನ್ ಕದನವನ್ನು ನಾನು ಹತ್ತನೆಯ ತರಗತಿಗೆ ಎಷ್ಟು ಬಾರಿ ಪಾಠ ಮಾಡಿದ್ದೇನೋ! ಆ ಆಗಸ್ಟ್ ತಿಂಗಳಲ್ಲಿ ಗಾರ್ಡನ್ ಕ್ಲೀವರ್ ಎಂಬ ವೈಮಾನಿಕನ ವಿಮಾನದ ಪಾರದರ್ಶಕ ಮುಚ್ಚಳ ಗುಂಡೇಟಿಗೆ ಸಿಡಿದು, ಚೂರುಗಳು ಅವನ ಕಣ್ಣುಗಳಿಗೆ ನೆಟ್ಟವು. ಆ ಮುಚ್ಚಳ ಗಾಜಲ್ಲ, ಪರ್ಸ್ಪೆಕ್ಸ್ ಎಂಬ ಪ್ಲಾಸ್ಟಿಕ್ಕು. ಲಂಡನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲಿ ಒಂದು ಸಂಗತಿಯನ್ನು ಗಮನಿಸಿದರು: ಉಳಿದುಹೋದ ಚೂರುಗಳಿಂದ ಕಣ್ಣು ಕೆರಳಲಿಲ್ಲ, ಅವು ತೆಪ್ಪಗೆ ಅಲ್ಲಿಯೇ ಇದ್ದವು. ಯುದ್ಧಾನಂತರ ಅವರೊಮ್ಮೆ ಪೊರೆ ತೆಗೆಯುವುದನ್ನು ನೋಡುತ್ತಿದ್ದ ವೈದ್ಯವಿದ್ಯಾರ್ಥಿಯೊಬ್ಬ, ತೆಗೆದ ಮಸೂರದ ಬದಲಿಗೆ ಇನ್ನೊಂದನ್ನು ಇಡುವುದಿಲ್ಲವೇಕೆ ಎಂದು ಕೇಳಿದನಂತೆ. ತರಗತಿಯಲ್ಲಿ ಇಂತಹ ಪ್ರಶ್ನೆ ಕೇಳಿದವರನ್ನು ಗದರಿಸಿ ಕೂರಿಸಿದ ನೆನಪು ನನಗೂ ಉಂಟು.

1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರಿಡ್ಲಿ ಮೊದಲ ಕೃತಕ ಮಸೂರವನ್ನು ಕಣ್ಣಿನಲ್ಲಿಟ್ಟರು. ಶಾಶ್ವತವಾಗಿ ನಿಲ್ಲಿಸಿದ್ದು 1950ರ ಫೆಬ್ರವರಿಯಲ್ಲಿ. ಅಳತೆ ತಪ್ಪಿ ಆ ಕಣ್ಣಿಗೆ ವಿಪರೀತ ಸಮೀಪದೃಷ್ಟಿ ಬಂದಿತು. ಅದನ್ನು ಲೆಕ್ಕದಿಂದ ಸರಿಪಡಿಸಿಕೊಂಡರು. ಲೆಕ್ಕದಿಂದ ಸರಿಯಾಗದ ತೊಡಕು ಬೇರೆಯಿತ್ತು. ಅವರ ಮಸೂರ ಇಂದಿನದಕ್ಕಿಂತ ಹಲವು ಪಟ್ಟು ಭಾರವಾದ ದುಂಡು ಬಿಲ್ಲೆ. ಆತುಕೊಳ್ಳಲು ಕೈಕಾಲುಗಳೇ ಇರಲಿಲ್ಲ. ನೂರರಲ್ಲಿ ಹತ್ತಕ್ಕೂ ಹೆಚ್ಚು ಕಣ್ಣುಗಳಲ್ಲಿ ಅದು ಜಾರಿತು, ಕೆಲವರಲ್ಲಿ ಕಣ್ಣಿನ ಹಿಂಭಾಗದ ತಳಕ್ಕೇ ಇಳಿಯಿತು. ಸುಶ್ರುತನ ರೋಗಿಗಳ ಮಸೂರ ಸೇರುತ್ತಿದ್ದ ಜಾಗಕ್ಕೇ ರಿಡ್ಲಿಯವರ ಪ್ಲಾಸ್ಟಿಕ್ ಮಸೂರವೂ ಹೋಗಿ ಸೇರಿತು. ಬ್ರಿಟನ್ನಿನ ನೇತ್ರವೈದ್ಯರಲ್ಲಿ ಅಗ್ರಗಣ್ಯರಾಗಿದ್ದ ಸ್ಟೀವರ್ಟ್ ಡ್ಯೂಕ್-ಎಲ್ಡರ್ ಮೊದಲಾದವರು ಈ ಕೆಲಸವನ್ನು ವಿರೋಧಿಸಿದರು. ಕಣ್ಣಿನಿಂದ ಹೊರಗಿನ ವಸ್ತುಗಳನ್ನು ತೆಗೆಯಬೇಕಾದ ವೈದ್ಯ ತಾನೇ ಒಂದನ್ನು ಒಳಗಿಡುವುದೆ ಎಂಬುದು ಅವರ ಆಕ್ಷೇಪ. ಅವರನ್ನು ಮೂಢರೆನ್ನಲು ನನಗೆ ಮನಸ್ಸಿಲ್ಲ. ಜಾರಿದ ಮಸೂರಗಳು ಅವರ ಕಣ್ಣೆದುರಿಗಿದ್ದವು.

ಹಿಂದೆ ಇಟ್ಟರೆ ಜಾರುತ್ತದೆಂದು ಮುಂದಿನವರು ಅದನ್ನು ಕಣ್ಣಿನ ಮುಂಭಾಗದಲ್ಲಿಡಲು ಹೊರಟರು. ಇಟಲಿಯ ಸ್ಟ್ರಾಂಪೆಲ್ಲಿ ಮೊದಲಾದವರು 1950ರ ದಶಕದಲ್ಲಿ ಇದನ್ನು ಮಾಡಿದರು. ಮಸೂರ ಬೀಳಲಿಲ್ಲ, ಆದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಗೆ ತೀರ ಹತ್ತಿರವಾಗಿ ಅದನ್ನೇ ಹಾಳುಮಾಡಿತು. ಡಚ್ ವೈದ್ಯ ಬಿಂಖೋರ್ಸ್ಟ್ 1958ರ ಸುಮಾರಿಗೆ ಮಸೂರವನ್ನು ಪಾಪೆಯ ಅಂಚಿಗೇ ಕೊಂಡಿಯಂತೆ ಸಿಕ್ಕಿಸಿದರು. ಪಾಪೆ ಹಿಗ್ಗಿದರೆ ಕೊಂಡಿ ಕಳಚುತ್ತಿತ್ತು. ಆದ್ದರಿಂದ ಆ ರೋಗಿಗಳ ಕಣ್ಣಿಗೆ, ಇತ್ತೀಚೆಗೆ ನನಗೆ ಹಾಕಿದಂತಹ ಹನಿಯನ್ನು ಹಾಕುವುದೇ ಅಪಾಯವಾಗಿತ್ತು. ಕೊನೆಗೆ ಕೋಶಕ್ಕೆ ಅಂಟಿಕೊಂಡ ಮಸೂರವೇ ಗಟ್ಟಿಯಾಗಿ ನಿಲ್ಲುತ್ತದೆಂದು ಅದೇ ಬಿಂಖೋರ್ಸ್ಟ್ ಕಂಡುಕೊಂಡರು. 1977ರಲ್ಲಿ ಅಮೆರಿಕದ ಶಿಯರಿಂಗ್, ಸ್ಪ್ರಿಂಗಿನಂತೆ ಬಳುಕುವ ಎರಡು ಕಾಲುಗಳ ಮಸೂರವನ್ನು ರಿಡ್ಲಿಯವರು ಆರಿಸಿದ್ದ ಹಿಂದಿನ ಜಾಗಕ್ಕೇ ತಂದರು. ಆಗಲೂ ಒಂದು ಕಾಲು ಕೋಶದೊಳಗೆ, ಇನ್ನೊಂದು ಹೊರಗೆ ಉಳಿದು ಮಸೂರ ವಾಲುತ್ತಿದ್ದುದುಂಟು. ಕೆಳಗಿಳಿದ ಮಸೂರಕ್ಕೆ ವೈದ್ಯರು ಇಟ್ಟ ಹೆಸರು ಸೂರ್ಯಾಸ್ತ! 1980ರ ದಶಕದಲ್ಲಿ ಕೆನಡಾದ ಗಿಂಬೆಲ್ ಮತ್ತು ಜರ್ಮನಿಯ ನಾಯ್‌ಹಾನ್ ಕೋಶದ ಬಾಯನ್ನು ಹರಕುಮುರುಕಾಗಿ ಕತ್ತರಿಸದೆ, ಒಂದೇ ದುಂಡು ವೃತ್ತವಾಗಿ ಸುಲಿದು ತೆರೆಯುವುದನ್ನು ರೂಢಿಗೆ ತಂದ ಮೇಲೆಯೇ ಮಸೂರಕ್ಕೆ ಭದ್ರವಾದ ಪೀಠ ದೊರೆಯಿತು. ಮಸೂರವನ್ನು ಮಾಡುವುದು ಅಷ್ಟು ಕಷ್ಟವಾಗಿರಲಿಲ್ಲ. ಕೂರಿಸುವುದಕ್ಕೆ ನಾಲ್ಕು ದಶಕ ಬೇಕಾಯಿತು.

ರಿಡ್ಲಿ ದೀರ್ಘಾಯುಷಿ. ತಾವೇ ಆರಂಭಿಸಿದ ಚಿಕಿತ್ಸೆಯನ್ನು 1990ರ ದಶಕದಲ್ಲಿ ತಮ್ಮ ಕಣ್ಣಿಗೂ ಮಾಡಿಸಿಕೊಂಡರು. 2000ದಲ್ಲಿ ಸರ್ ಪದವಿ ಬಂದಿತು. 2001ರಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡರು. ನಮ್ಮ ದೇಶದ ಬಡವರಿಗೆ ಈ ಮಸೂರ ಎಟುಕಿದ್ದು ಮಧುರೆಯಿಂದ. ಅಲ್ಲಿನ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಸ್ಥಾಪಿಸಿ, ಆಮದು ಮಸೂರದ ಬೆಲೆಯ ಸಣ್ಣದೊಂದು ಪಾಲಿಗೆ ಅದನ್ನು ತಯಾರಿಸಿದರು. ಅತ್ತೆ ಆ ಕಾಲಕ್ಕೆ ಇರಲಿಲ್ಲ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಹಳೆಯ ಪೆಟ್ಟಿಗೆಯಲ್ಲಿ ಅವರ ಎರಡನೆಯ ಕನ್ನಡಕ ಸಿಕ್ಕಿತು. ಒಂದು ಕಡ್ಡಿಗೆ ಅವರೇ ಸುತ್ತಿದ್ದ ನೂಲು ಹಾಗೆಯೇ ಇತ್ತು. ಎಡಗಣ್ಣು ಮುಚ್ಚಿ ಬಲಗಣ್ಣಿಗೆ ಹಿಡಿದೆ. ಗೋಡೆಯ ಪಂಚಾಂಗದ ಎರಡು ಚಿತ್ರಗಳಲ್ಲಿ ಸ್ಪಷ್ಟವಾಗಿದ್ದುದು ಮಸುಕಾಯಿತು. ಇಷ್ಟು ದಿನ ಮಸುಕಾಗಿದ್ದ ಇನ್ನೊಂದು ಸ್ಪಷ್ಟವಾಗಿ, ದೊಡ್ಡದಾಗಿ ಎದುರಿಗೆ ಬಂದಿತು. ಮಸೂರವಿಲ್ಲದ ಮೇಲಿನ ಅರ್ಧಕ್ಕೆ ಆ ಗಾಜು ಸರಿಹೊಂದಿತ್ತು. ಅಷ್ಟರಲ್ಲಿ ಮೊಮ್ಮಗಳು ಕಾಫಿ ಲೋಟ ಹಿಡಿದು ಪಕ್ಕದಿಂದ ಬಂದಳು. ಎಲ್ಲಿಂದಲೋ ಥಟ್ಟನೆ ಮುಖದೆದುರು ಮೂಡಿದಂತಾಗಿ ನಾನು ಬೆಚ್ಚಿಬಿದ್ದೆ. ಅವಳು ನಕ್ಕಳು.

ಮರುದಿನ ವೈದ್ಯರು ಜಾರಿದ ಮಸೂರವನ್ನು ಮೇಲೆತ್ತಿ, ಕಣ್ಣಿನ ಬಿಳಿಯ ಗೋಡೆಗೆ ದಾರದಿಂದ ಹೊಲಿದು ನಿಲ್ಲಿಸಿದರು. ಕಣ್ಣು ಉಜ್ಜಬಾರದು, ಭಾರ ಎತ್ತಬಾರದು, ಜೋರಾಗಿ ಕೆಮ್ಮಬಾರದು ಎಂದು ಬರೆದ ಚೀಟಿ ಕೊಟ್ಟರು. ಆರು ವಾರ ಪಾಲಿಸಿದೆ. ಈಗ ದೀಪಕ್ಕೆ ಒಂದೇ ಕುಡಿ.